‘ನಮ್ಮ ಹುಡುಗ ಜಾರ್ಜಿಯಾಗೆ ಹೋಗ್ತಾನಂತೆ’: ಕಾಲೇಜ್ ಫುಟ್‌ಬಾಲ್‌ನ ಅಂತೆಕಂತೆ ಎಷ್ಟು ನಂಬಬೇಕು?

ಪ್ರಶ್ನೆ: ನಾವು ಮೈಸೂರಿನವರು, ಈಗ ಅಟ್ಲಾಂಟಾದಲ್ಲಿದ್ದೇವೆ. ಮಗ ಗೇನ್ಸ್‌ವಿಲ್‌ನ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷ ಓದುತ್ತಿದ್ದಾನೆ. ಅಲ್ಲಿಗೆ ಸೇರುವವರೆಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ನೋಡಿದವನಲ್ಲ. ಈಗ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹಿಡಿದಿದೆ. ರಜೆಗೆ ಬಂದರೆ ಊಟದ ತಟ್ಟೆ ಪಕ್ಕದಲ್ಲೇ ಫೋನ್. ‘ನಮ್ಮ ಹುಡುಗ ಜಾರ್ಜಿಯಾಗೆ ಹೋಗ್ತಾನಂತೆ’ ಅಂತ ಒಂದು ದಿನ ಮುಖ ಊದಿಸಿಕೊಂಡಿರುತ್ತಾನೆ. ‘ಇಲ್ವಂತೆ’ ಅಂತ ಮಾರನೇ ದಿನ ಕುಣಿಯುತ್ತಾನೆ. ಓದುತ್ತಿರುವ ಹುಡುಗ ಮಧ್ಯದಲ್ಲೇ ಬಿಟ್ಟು ವೈರಿ ಕಾಲೇಜಿಗೆ ಹೋಗಿ ಆಡಬಹುದಾ? ಈ ಸುದ್ದಿಗಳಲ್ಲಿ ನಿಜ ಎಷ್ಟು? ಇದನ್ನು ತಡೆಯಲು ಒಂದು ನಿಯಮ ಇರಬೇಕಲ್ಲವಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಹೋಗಬಹುದು. ಹೋಗಿ ಅದೇ ವರ್ಷ ಆಡಲೂಬಹುದು. ಹಳೆಯ ಕಾಲೇಜಿನ ಒಪ್ಪಿಗೆ ಬೇಕಿಲ್ಲ. ಆದರೆ ‘ವೈರಿ ತಂಡಕ್ಕೇ ಹೋಗ್ತಾನಂತೆ’ ಅನ್ನುವ ಸುದ್ದಿಯನ್ನು ಮಾತ್ರ ಸ್ವಲ್ಪ ದೂರದಲ್ಲಿಟ್ಟು ನೋಡಿ. ಅದನ್ನು ಹುಟ್ಟಿಸುವುದು ಹೆಚ್ಚಾಗಿ ಅಭಿಮಾನಿಗಳ ಹೆದರಿಕೆ. ತಮಗೆ ಎಲ್ಲಿ ಜಾಸ್ತಿ ನೋವಾಗುತ್ತದೋ ಅಲ್ಲಿಗೇ ಅವರ ಊಹೆ ಓಡುತ್ತದೆ. ಹುಡುಗ ಹೊರಡುವ ಕಾರಣಗಳು ಬೇರೆಯೇ ಇರುತ್ತವೆ. ಆ ಲೆಕ್ಕದಲ್ಲಿ ವೈರಿ, ಗೆಳೆಯ ಅನ್ನುವುದು ತುಂಬಾ ಕೆಳಗೆ ಬರುತ್ತದೆ.

ಈ ಆಟದ ಗಾತ್ರ ಗೊತ್ತಿಲ್ಲದವರಿಗೆ ಒಂದು ಮಾತು. ನಿಮ್ಮ ಮಗನ ಕಾಲೇಜಿನ ಮೈದಾನದಲ್ಲಿ 88 ಸಾವಿರಕ್ಕೂ ಜಾಸ್ತಿ ಜನ ಕೂರುತ್ತಾರೆ. ಹಳೆಯ ವೈರಿಯಾದ ಜಾರ್ಜಿಯಾ ವಿಶ್ವವಿದ್ಯಾಲಯದ ಎದುರಿನ ಪಂದ್ಯ ಮಾತ್ರ ಅಲ್ಲಿ ನಡೆಯುವುದಿಲ್ಲ. 1933ರಿಂದ, ಬೆರಳೆಣಿಕೆಯ ವರ್ಷಗಳನ್ನು ಬಿಟ್ಟರೆ, ಎರಡೂ ಕಾಲೇಜಿಗೆ ಸೇರದ ಜ್ಯಾಕ್ಸನ್‌ವಿಲ್ ಊರಿನಲ್ಲಿ ನಡೆದಿದೆ. ಸ್ಟೇಡಿಯಂ ಅರ್ಧಕ್ಕರ್ಧ ಹಂಚಿಕೆ. ಒಂದು ಕಡೆ ಫ್ಲೋರಿಡಾದ ಕಿತ್ತಳೆ ಮತ್ತು ನೀಲಿ, ಇನ್ನೊಂದು ಕಡೆ ಜಾರ್ಜಿಯಾದ ಕೆಂಪು ಮತ್ತು ಕಪ್ಪು. ಇಲ್ಲಿ ಬಣ್ಣ ಬದಲಾಯಿಸುವುದು ಸಣ್ಣ ವಿಷಯ ಅಲ್ಲ.

ಮೊದಲು ಇಷ್ಟು ಸುಲಭವೂ ಇರಲಿಲ್ಲ. ಇನ್ನೊಂದು ಕಾಲೇಜಿನ ಜೊತೆ ಮಾತಾಡಲೂ ಹಳೆಯ ಕಾಲೇಜು ಒಪ್ಪಬೇಕಿತ್ತು. ನಮ್ಮ ರಣಜಿಯಲ್ಲಿ ಕರುಣ್ ನಾಯರ್ 2023ರಲ್ಲಿ ಕರ್ನಾಟಕ ಬಿಟ್ಟು ವಿದರ್ಭಕ್ಕೆ ಹೋಗುವಾಗ ರಾಜ್ಯ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕಾಯಿತಲ್ಲ, ಹೆಚ್ಚುಕಮ್ಮಿ ಹಾಗೆ. ಅದರ ಮೇಲೆ ಇನ್ನೊಂದು ಶಿಕ್ಷೆ ಇತ್ತು. ಹೊಸ ಕಾಲೇಜಿಗೆ ಹೋದವನು ಒಂದು ಇಡೀ ವರ್ಷ ಆಡದೆ ಕೂರಬೇಕು. ಅಭ್ಯಾಸ ಮಾಡಬಹುದು, ತರಗತಿಗೆ ಹೋಗಬಹುದು, ಮೈದಾನಕ್ಕೆ ಇಳಿಯುವಂತಿಲ್ಲ. ಒಂದೇ ಲೀಗಿನೊಳಗೆ ತಂಡ ಬದಲಾಯಿಸಿದರೆ ಇನ್ನೂ ಬಿಗಿ. ಬೇಕರ್ ಮೇಫೀಲ್ಡ್ ಟೆಕ್ಸಸ್ ಟೆಕ್‌ನಿಂದ ಓಕ್ಲಹೋಮಾಗೆ ಹೋದಾಗ ಒಂದು ವರ್ಷ ಕೂತಿದ್ದೂ ಅಲ್ಲದೆ ಕಾಲೇಜಿನಲ್ಲಿ ಆಡಲು ಸಿಗುವ ಸೀಮಿತ ವರ್ಷಗಳಲ್ಲಿ ಒಂದನ್ನೂ ಕಳೆದುಕೊಂಡಿದ್ದರು. ಅವರಿಗಾಗಿಯೇ ಎನ್ನುವಂತೆ ಆ ಲೀಗ್ 2016ರಲ್ಲಿ ನಿಯಮ ತಿದ್ದಿತು, ಕಳೆದುಕೊಂಡ ಆ ವರ್ಷ ವಾಪಸ್ ಸಿಕ್ಕಿತು. 2017ರಲ್ಲಿ ಕಾಲೇಜ್ ಫುಟ್‌ಬಾಲ್‌ನ ಅತಿ ದೊಡ್ಡ ಪ್ರಶಸ್ತಿ ಹೈಸ್‌ಮನ್ ಅವರ ಕೈಯಲ್ಲಿತ್ತು. ನಿಯಮ ಹಾಗೇ ಉಳಿದಿದ್ದರೆ ಆ ವರ್ಷ ಅವರು ಕಾಲೇಜು ತಂಡದಲ್ಲೇ ಇರುತ್ತಿರಲಿಲ್ಲ.

ಅಷ್ಟು ಬಿಗಿ ಇದ್ದ ಕಾಲದಲ್ಲೂ ವೈರಿ ಪಾಳಯಕ್ಕೆ ಹೋದವರು ಇದ್ದರು. ಜಸ್ಟಿನ್ ಬೋರೆನ್ ಕಥೆ ಕೇಳಿ. ಅಪ್ಪ ಮಿಷಿಗನ್ ಪರ ಆಡಿದವರು, ಮಗನೂ ಮಿಷಿಗನ್ ಸೇರಿದರು. 2008ರಲ್ಲಿ ರಿಚ್ ರಾಡ್ರಿಗಸ್ ಹೊಸ ಕೋಚ್ ಆಗಿ ಬಂದರು. ತಂಡದಲ್ಲಿದ್ದ ಮನೆಯಂಥ ವಾತಾವರಣ ಹೋಯಿತು ಎಂದು ಹೇಳಿಕೆ ಕೊಟ್ಟು ಬೋರೆನ್ ಹೊರಟರು. ಹೋಗಿದ್ದು ಎಲ್ಲಿಗೆ? ಓಹಾಯೋ ಸ್ಟೇಟ್‌ಗೆ. ಮಿಷಿಗನ್ ಅಭಿಮಾನಿಗಳು ಆ ಹೆಸರನ್ನೂ ಬಾಯಲ್ಲಿ ಆಡಲು ಇಷ್ಟಪಡುವುದಿಲ್ಲ. ದ್ರೋಹ ಅಂದರು. ಆದರೆ ಬೋರೆನ್ ಬೆಳೆದಿದ್ದು ಓಹಾಯೋದ ಕೊಲಂಬಸ್ ಹತ್ತಿರ. ಓಹಾಯೋ ಸ್ಟೇಟ್ ಅಂದರೆ ಅವರಿಗೆ ಮನೆ ಪಕ್ಕದ ಕಾಲೇಜು. 2008ರ ಸೀಸನ್ ಪೂರ್ತಿ ಕೂತು, ಆಮೇಲೆ ಎರಡು ವರ್ಷ ಆಡಿದರು. ನಿಮ್ಮ ಮಗನ ತಂಡಕ್ಕೂ ಈ ಥರದ ಒಬ್ಬರು ಬಂದಿದ್ದಾರೆ. ಜಾರ್ಜಿಯಾ 2019ರಲ್ಲಿ ತಂಡದಿಂದ ತೆಗೆದ ಬ್ರೆಂಟನ್ ಕಾಕ್ಸ್ ಫ್ಲೋರಿಡಾ ಸೇರಿ, ಒಂದು ವರ್ಷ ಕಾದು, 2020ರಲ್ಲಿ ಆಡಿದರು. ಆಗ ಗೇನ್ಸ್‌ವಿಲ್‌ನಲ್ಲಿ ಯಾರೂ ದ್ರೋಹದ ಮಾತೆತ್ತಲಿಲ್ಲ ಅನ್ನಿ.

ಬಾಗಿಲು ತೆರೆದಿದ್ದು ಹಂತ ಹಂತವಾಗಿ. 2018ರ ಅಕ್ಟೋಬರ್‌ನಲ್ಲಿ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಟ್ರಾನ್ಸ್‌ಫರ್ ಪೋರ್ಟಲ್ ಶುರು ಮಾಡಿತು. ಅನುಮತಿ ಕೇಳುವುದು ಹೋಯಿತು, ತಿಳಿಸಿದರೆ ಸಾಕು ಅಂತಾಯಿತು. 2021ರಲ್ಲಿ ಮೊದಲ ಸಲ ಬದಲಾಯಿಸುವವರಿಗೆ ವರ್ಷ ಕೂರುವ ಶಿಕ್ಷೆ ಹೋಯಿತು. ಕೋರ್ಟ್ ಮೆಟ್ಟಿಲೇರಿದ ಮೇಲೆ 2024ರಲ್ಲಿ ಎಷ್ಟು ಸಲ ಬದಲಾಯಿಸಿದರೂ ಪರವಾಗಿಲ್ಲ, ಓದಿನಲ್ಲಿ ಪಾಸಾಗಿದ್ದರೆ ಸಾಕು ಎನ್ನುವಲ್ಲಿಗೆ ಬಂತು.

ಪೋರ್ಟಲ್ ಅಂದರೇನು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಗಾಳಿಸುದ್ದಿ ಜರಡಿ ಹಿಡಿಯಲು ಇದು ಗೊತ್ತಿರಬೇಕು. ಅದು ಸಾಮಾನ್ಯ ಜನ ತೆರೆದು ನೋಡುವ ಪಟ್ಟಿ ಅಲ್ಲ. ಕಾಲೇಜುಗಳ ಕ್ರೀಡಾ ವಿಭಾಗದವರು ಮಾತ್ರ ಲಾಗಿನ್ ಆಗುವ ಒಂದು ಡೇಟಾಬೇಸ್. ಆಟಗಾರ ತನ್ನ ಕಾಲೇಜಿನ ಕಂಪ್ಲಯನ್ಸ್ ಆಫೀಸಿಗೆ, ಅಂದರೆ ನಿಯಮ ಪಾಲನೆ ನೋಡಿಕೊಳ್ಳುವ ಕಚೇರಿಗೆ, ‘ನಾನು ಹೊರಡುತ್ತೇನೆ’ ಎಂದು ಬರೆದು ಕೊಡುತ್ತಾನೆ. ಎರಡು ಕೆಲಸದ ದಿನದೊಳಗೆ ಅವರು ಹೆಸರು ಹಾಕಲೇಬೇಕು. ಹೆಸರು ಬಿದ್ದ ಕ್ಷಣದಿಂದ ಬೇರೆ ಕೋಚ್‌ಗಳು ಅವನಿಗೆ ಫೋನ್ ಮಾಡಬಹುದು. ಅದಕ್ಕೂ ಮೊದಲು ಮಾಡಿದರೆ ನಿಯಮ ಮುರಿದಂತೆ. ಮಧ್ಯವರ್ತಿಗಳ ಮೂಲಕ, ಹಳೆಯ ಹೈಸ್ಕೂಲ್ ಕೋಚ್ ಮೂಲಕ ಮಾತು ಮೊದಲೇ ಮುಗಿದಿರುತ್ತದೆ ಅಂತ ಈ ಆಟದ ಒಳಗಿರುವ ಎಲ್ಲರೂ ಹೇಳುತ್ತಾರೆ. ಸಾಬೀತು ಮಾಡುವುದು ಕಷ್ಟ.

ಹೆಸರಿನ ಪಕ್ಕದಲ್ಲಿ ಒಂದು ಗುರುತು ಹಾಕಿಸಲು ಅವಕಾಶ ಇದೆ. ‘ಯಾರೂ ಸಂಪರ್ಕಿಸಬೇಡಿ’ ಅನ್ನುವ ಗುರುತು. ಅದನ್ನು ಹಾಕಿಸಿದವನು ಸಾಮಾನ್ಯವಾಗಿ ಎಲ್ಲಿಗೆ ಹೋಗಬೇಕೆಂದು ನಿರ್ಧರಿಸಿಯೇ ಇರುತ್ತಾನೆ. ಕಾಲೇಜ್ ಫುಟ್‌ಬಾಲ್ ಸುದ್ದಿಗಾರರು ಹೆಸರಿನ ಜೊತೆ ಈ ಗುರುತೂ ಇದೆ ಎಂದು ಬರೆದರೆ ನಾನು ಕುರ್ಚಿ ಎಳೆದುಕೊಂಡು ಕೂತು ಓದುತ್ತೇನೆ. ಇನ್ನೊಂದು ವಿಷಯ ಹುಡುಗರು ಮರೆಯುತ್ತಾರೆ. ಹೆಸರು ಕೊಟ್ಟ ಮೇಲೆ ವಾಪಸ್ ಬರಬಹುದು ನಿಜ. ಆದರೆ ಹಳೆಯ ಕಾಲೇಜು ಆ ಸೆಮಿಸ್ಟರ್ ಮುಗಿದ ಮೇಲೆ ಸ್ಕಾಲರ್‌ಶಿಪ್ ನಿಲ್ಲಿಸಬಹುದು. ಎರಡೂ ಕಡೆ ಜಾಗ ಇಲ್ಲದೆ ನಡುಬೀದಿಯಲ್ಲಿ ನಿಂತ ಹುಡುಗರು ಪ್ರತಿ ವರ್ಷ ಇರುತ್ತಾರೆ. ಅವರ ಬಗ್ಗೆ ಯಾರೂ ಅಂತೆಕಂತೆ ಹಬ್ಬಿಸುವುದಿಲ್ಲ.

ಈಗ ನಿಮ್ಮ ಮಗನ ಭಯಕ್ಕೆ ಬರೋಣ. ಅದು ಸುಮ್ನೆ ಹುಟ್ಟಿದ್ದಲ್ಲ. ಟ್ರೆವರ್ ಎಟಿಯೆನ್ ಅನ್ನುವ ಹೆಸರನ್ನು ಅವನ ಮುಂದೆ ಹೇಳಿ ನೋಡಿ.

ಎಟಿಯೆನ್ ಫ್ಲೋರಿಡಾದ ರನ್ನಿಂಗ್ ಬ್ಯಾಕ್, ಚೆಂಡು ಹಿಡಿದು ಎದುರಾಳಿಗಳ ನಡುವೆ ನುಗ್ಗಿ ಓಡುವವರು. ಲೂಸಿಯಾನಾದ ಜೆನಿಂಗ್ಸ್‌ನವರು. ಅಣ್ಣ ಟ್ರಾವಿಸ್ ಕ್ಲೆಮ್‌ಸನ್ ಕಾಲೇಜಿನಲ್ಲಿ ಆಡಿ, ವೃತ್ತಿಪರರ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೋದವರು. 2023ರಲ್ಲಿ ಫ್ಲೋರಿಡಾ 12 ಪಂದ್ಯದಲ್ಲಿ ಗೆದ್ದಿದ್ದು 5. ಕೊನೆಯ ಐದನ್ನೂ ಸತತವಾಗಿ ಸೋತಿತು. ಜಾರ್ಜಿಯಾ ಎದುರು 43-20. ಎಟಿಯೆನ್ ಚೆನ್ನಾಗಿ ಆಡಿದ್ದರು, ಆದರೆ ಮಾಂಟ್ರೆಲ್ ಜಾನ್ಸನ್ ಜೊತೆ ಚೆಂಡು ಹಂಚಿಕೊಳ್ಳಬೇಕಿತ್ತು. ಡಿಸೆಂಬರ್‌ನಲ್ಲಿ ಪೋರ್ಟಲ್‌ಗೆ ಹೆಸರು ಕೊಟ್ಟರು. ಊಹೆಗಳು ಶುರುವಾದವು. ಕೊನೆಗೆ ಫ್ಲೋರಿಡಾದವರು ಯಾವ ಹೆಸರು ಬೇಡ ಅಂತ ಬೇಡಿಕೊಂಡಿದ್ದರೋ ಅದೇ ಬಂತು: ಜಾರ್ಜಿಯಾ.

ಕೋಪದಲ್ಲಿ ನೋಡಿದರೆ ಬೆನ್ನಿಗೆ ಚೂರಿ. ತಣ್ಣಗೆ ನೋಡಿದರೆ ಲೆಕ್ಕ ಸರಳ. ಜಾರ್ಜಿಯಾದ ಮುಖ್ಯ ಓಟಗಾರರಾದ ಡೈಜುನ್ ಎಡ್ವರ್ಡ್ಸ್ ಮತ್ತು ಕೆಂಡಲ್ ಮಿಲ್ಟನ್ ಇಬ್ಬರೂ ಕಾಲೇಜು ಆಟ ಮುಗಿಸಿ ಹೊರಟಿದ್ದರು. ಜಾಗ ಖಾಲಿ. 2021 ಮತ್ತು 2022ರ ಸೀಸನ್‌ಗಳಲ್ಲಿ ಜಾರ್ಜಿಯಾ ರಾಷ್ಟ್ರೀಯ ಚಾಂಪಿಯನ್. ಓಡುವವನಿಗೆ ದಾರಿ ಮಾಡಿಕೊಡುವ ಗಟ್ಟಿ ಮುಂಚೂಣಿ ಅಲ್ಲಿತ್ತು. ಎನ್‌ಎಫ್‌ಎಲ್ ಕನಸಿರುವ 19-20 ವರ್ಷದ ಹುಡುಗ ಇದನ್ನು ನೋಡದೆ ಇನ್ನೇನು ನೋಡಬೇಕು? ಅಂಥ ಲೆಕ್ಕವೂ ಪೂರ್ತಿ ಕೈಗೂಡುತ್ತದೆ ಅಂತಿಲ್ಲ. ಎಟಿಯೆನ್ ಬಂದ ಸ್ವಲ್ಪ ದಿನಕ್ಕೇ, 2024ರ ಫೆಬ್ರವರಿಯಲ್ಲಿ, ಜಾರ್ಜಿಯಾದ ರನ್ನಿಂಗ್ ಬ್ಯಾಕ್ ಕೋಚ್ ಡೆಲ್ ಮಗೀ ಜಾರ್ಜಿಯಾ ಸ್ಟೇಟ್‌ನ ಮುಖ್ಯ ಕೋಚ್ ಆಗಿ ಹೊರಟುಹೋದರು. ಆ ಸೀಸನ್‌ನಲ್ಲಿ ಎಟಿಯೆನ್ ಗಾಯದಿಂದ ಕೆಲವು ಪಂದ್ಯ ತಪ್ಪಿಸಿಕೊಂಡರು.

ಆದರೂ 2024ರ ಡಿಸೆಂಬರ್ 7. ಅಟ್ಲಾಂಟಾ. ಫ್ಲೋರಿಡಾ, ಜಾರ್ಜಿಯಾ ಎರಡೂ ಇರುವ ಎಸ್‌ಇಸಿ ಲೀಗಿನ ಫೈನಲ್, ಜಾರ್ಜಿಯಾ ಮತ್ತು ಟೆಕ್ಸಸ್. ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಅದರಲ್ಲಿ ಟೆಕ್ಸಸ್‌ಗೆ ಸಿಕ್ಕಿದ್ದು ಬರೀ 3 ಅಂಕ. ಜಾರ್ಜಿಯಾದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವ ಆಟಗಾರ, ಗನ್ನರ್ ಸ್ಟಾಕ್ಟನ್ ಓಡುವಾಗ ಬಿದ್ದ ಏಟಿಗೆ ಹೆಲ್ಮೆಟ್ಟೇ ಹಾರಿಹೋಯಿತು. ಮುಂದಿನ ಆಟಕ್ಕೆ ಚೆಂಡು ಎಟಿಯೆನ್ ಕೈಗೆ ಬಂತು. ನಾಲ್ಕು ಗಜ ಓಡಿ ಗೆರೆ ದಾಟಿದರು. 22-19, ಕಪ್ ಜಾರ್ಜಿಯಾಗೆ. ನಿಮ್ಮ ಮನೆಯಿಂದ ಕಾರಿನಲ್ಲಿ ಹೋಗುವಷ್ಟು ದೂರದಲ್ಲೇ ನಡೆದಿದ್ದು. ಫ್ಲೋರಿಡಾ ಅಭಿಮಾನಿಗಳಿಗೆ ಆ ರಾತ್ರಿ ಹೇಗಿತ್ತು ಅಂತ ಮಗನನ್ನೇ ಕೇಳಿ. ಅವನು ಆಗ ಅಲ್ಲಿ ಇಲ್ಲದಿದ್ದರೂ ಹಾಸ್ಟೆಲ್‌ನಲ್ಲಿ ಸೀನಿಯರ್‌ಗಳು ಹೇಳಿಯೇ ಇರುತ್ತಾರೆ. 2025ರ ಏಪ್ರಿಲ್‌ನಲ್ಲಿ ಎನ್‌ಎಫ್‌ಎಲ್‌ನ ಕ್ಯಾರೊಲೈನಾ ಪ್ಯಾಂಥರ್ಸ್ ತಂಡ ಎಟಿಯೆನ್ ಅವರನ್ನು ಹೊಸ ಆಟಗಾರರ ಆಯ್ಕೆಯ ನಾಲ್ಕನೇ ಸುತ್ತಿನಲ್ಲಿ ಆರಿಸಿಕೊಂಡಿತು.

ಒಮ್ಮೆ ಹೀಗಾದ ಮೇಲೆ ಪ್ರತಿ ಚಳಿಗಾಲದಲ್ಲೂ ಅದೇ ಕಥೆ ಮರುಕಳಿಸುತ್ತದೆ ಅಂತ ಅನ್ನಿಸುವುದು ಸಹಜ. ಆಟಗಾರ ಇನ್‌ಸ್ಟಾಗ್ರಾಂನಲ್ಲಿ ಹಳೆಯ ಫೋಟೊ ಅಳಿಸಿದರೆ ಸುದ್ದಿ. ಜಾರ್ಜಿಯಾದ ಆಟಗಾರನೊಬ್ಬನನ್ನು ಫಾಲೋ ಮಾಡಿದರೆ ಸುದ್ದಿ. ಅವನ ಅಮ್ಮ ಯಾವುದೋ ಪೋಸ್ಟಿಗೆ ಲೈಕ್ ಒತ್ತಿದರೆ ಅದೂ ಸುದ್ದಿ. ಕೋಚ್ ಹುಡುಕಾಟದ ದಿನಗಳಲ್ಲಂತೂ ಖಾಸಗಿ ವಿಮಾನಗಳ ನಂಬರ್ ಹಿಡಿದು ಎಲ್ಲಿಂದ ಎಲ್ಲಿಗೆ ಹಾರಿತು ಅಂತ ಕೂತು ನೋಡುವವರಿದ್ದಾರೆ. ಇವಕ್ಕೆ ನಾನು ಕೊಡುವ ಬೆಲೆ ತುಂಬಾ ಕಡಿಮೆ. ಈ ಹುಡುಗರು ಹೈಸ್ಕೂಲಿನಿಂದಲೇ ಒಂದೇ ಕ್ಯಾಂಪ್‌ಗಳಲ್ಲಿ ಒಟ್ಟಿಗೆ ಬೆಳೆದವರು. ವೈರಿ ತಂಡದಲ್ಲಿ ಅವರಿಗೆ ಗೆಳೆಯರು ಇಲ್ಲದಿದ್ದರೆ ಅದು ಆಶ್ಚರ್ಯ.

ಹಾಗಾದರೆ ಏನು ನೋಡಬೇಕು? ನಾನು ಮೊದಲು ನೋಡುವುದು ಕ್ಯಾಲೆಂಡರ್. ಹಿಂದೆ ಡಿಸೆಂಬರ್‌ನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಪೋರ್ಟಲ್ ತೆರೆಯುತ್ತಿತ್ತು. ಈಗ ಏಪ್ರಿಲ್‌ನದ್ದನ್ನು ತೆಗೆದುಹಾಕಿದ್ದಾರೆ. 2026ರಲ್ಲಿ ಜನವರಿ 2ರಿಂದ 16ರವರೆಗೆ ಒಂದೇ ಅವಧಿ. ಮುಖ್ಯ ಕೋಚ್ ಬದಲಾದ ತಂಡದವರಿಗೆ ಮತ್ತು ರಾಷ್ಟ್ರೀಯ ಫೈನಲ್ ಆಡುವ ತಂಡದವರಿಗೆ ಮಾತ್ರ ಬೇರೆ ಅವಕಾಶ ಸಿಗುತ್ತದೆ. ಅಂದರೆ ಅಕ್ಟೋಬರ್‌ನಲ್ಲೋ ಮಾರ್ಚ್‌ನಲ್ಲೋ ಬರುವ ‘ನಾಳೆನೇ ಹೊರಡ್ತಾನೆ’ ಸುದ್ದಿಯನ್ನು ಬದಿಗಿಡಬಹುದು. ಕ್ಯಾಲೆಂಡರ್ ಜೊತೆ ಲೀಗಿನ ನಿಯಮವೂ ಸೇರಿಕೊಳ್ಳುತ್ತಿತ್ತು. ಏಪ್ರಿಲ್ ಅವಧಿ ಇದ್ದಾಗ ಎಸ್‌ಇಸಿಯ ಒಂದು ತಂಡ ಬಿಟ್ಟು ಎಸ್‌ಇಸಿಯ ಇನ್ನೊಂದಕ್ಕೆ ಹೋದವನು ಆ ವರ್ಷ ಆಡುವಂತಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಟೆನ್ನೆಸ್ಸಿಯ ಕ್ವಾರ್ಟರ್‌ಬ್ಯಾಕ್ ನಿಕೊ ಇಯಮಲಿಯಾವ ತಂಡದಿಂದ ಹೊರಬಿದ್ದಾಗ ಅಕ್ಕಪಕ್ಕದ ವೈರಿಗಳ ಬಾಗಿಲು ಈ ನಿಯಮದಿಂದಲೇ ಮುಚ್ಚಿತ್ತು. ಅವರು ಹೋಗಿದ್ದು ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಕಾಲೇಜಿಗೆ. ಹುಟ್ಟೂರು ಲಾಂಗ್ ಬೀಚ್, ಲಾಸ್ ಏಂಜಲೀಸ್ ಪಕ್ಕದಲ್ಲೇ. ತಮಾಷೆ ಅಂದರೆ ಯುಸಿಎಲ್‌ಎಯಲ್ಲಿದ್ದ ಕ್ವಾರ್ಟರ್‌ಬ್ಯಾಕ್ ಜೋಯಿ ಅಗಿಲಾರ್ ಅಲ್ಲಿಂದ ಹೊರಟು ಟೆನ್ನೆಸ್ಸಿಗೇ ಬಂದರು.

ಎರಡನೆಯದು ಖಾಲಿ ಜಾಗ. ವೈರಿ ತಂಡದಲ್ಲಿ ಅದೇ ಸ್ಥಾನದ ಆಟಗಾರರು ಎಷ್ಟು ಜನ ಹೊರಡುತ್ತಿದ್ದಾರೆ ಅಂತ ನೋಡಿ. ಯಾರೂ ಹೊರಡದಿದ್ದರೆ ನಿಮ್ಮವನು ಅಲ್ಲಿ ಹೋಗಿ ಬೆಂಚು ಕಾಯಲು ಯಾಕೆ ಹೋಗುತ್ತಾನೆ?

ಮೂರನೆಯದನ್ನು ಅಭಿಮಾನಿಗಳು ಮರೆಯುವುದೇ ಜಾಸ್ತಿ. ಹೈಸ್ಕೂಲಿನಲ್ಲಿದ್ದಾಗ ಅವನಿಗಾಗಿ ಯಾವ ಕಾಲೇಜು ಕೊನೆಯವರೆಗೂ ಕಾದಿತ್ತು? 2024ರ ಜನವರಿ 10ರಂದು ಅಲಬಾಮದ ಕೋಚ್ ನಿಕ್ ಸೇಬನ್ ನಿವೃತ್ತಿ ಹೇಳಿದರು. ಅವರ ತಂಡದ ಅತ್ಯುತ್ತಮ ಎಳೆಯ ಆಟಗಾರ ಕೇಲಬ್ ಡೌನ್ಸ್ ಪೋರ್ಟಲ್‌ಗೆ ಹೋದರು. ಜಾರ್ಜಿಯಾ ರಾಜ್ಯದ ಹುಡುಗ, ಹಾಗಾಗಿ ಊರಿನ ತಂಡಕ್ಕೆ, ಅಂದರೆ ಅಲಬಾಮದ ವೈರಿಗೇ ಹೋಗುತ್ತಾರೆ ಎಂಬ ಮಾತು ಎದ್ದಿತು. ಅವರು ಆರಿಸಿದ್ದು ಓಹಾಯೋ ಸ್ಟೇಟ್. ಹೈಸ್ಕೂಲಿನಲ್ಲೇ ಅವರ ಕೊನೆಯ ಪಟ್ಟಿಯಲ್ಲಿದ್ದ ಕಾಲೇಜು ಅದು. ಒಂದು ವರ್ಷದಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು.

ದುಡ್ಡಿನ ಮಾತು ಬಿಟ್ಟರೆ ಉತ್ತರ ಪೂರ್ತಿ ಆಗುವುದಿಲ್ಲ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಸಂಪಾದಿಸಬಹುದು. 2025ರ ಜುಲೈನಿಂದ ಕಾಲೇಜೇ ನೇರವಾಗಿ ಕೊಡಬಹುದು, ಮೊದಲ ವರ್ಷಕ್ಕೆ ಎಲ್ಲ ಆಟಗಳೂ ಸೇರಿ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್ ಮಿತಿ. ಹಾಗಾಗಿ ಡಿಸೆಂಬರ್‌ನ ಗಾಳಿಸುದ್ದಿಗೆ ಇನ್ನೊಂದು ಉಪಯೋಗ ಹುಟ್ಟಿಕೊಂಡಿದೆ. ‘ವೈರಿ ತಂಡ ಕೇಳುತ್ತಿದೆಯಂತೆ’ ಅಂತ ಹಬ್ಬಿದರೆ ಈಗಿನ ಕಾಲೇಜು ಗಾಬರಿಯಾಗಿ ಜಾಸ್ತಿ ಕೊಡಬಹುದು. ಏಜೆಂಟರಿಗೆ ಇದು ಚೆನ್ನಾಗಿ ಗೊತ್ತು. ಯಾವುದಾದರೂ ಸುದ್ದಿ ಓದಿದಾಗ ‘ಇದು ಹೊರಬಂದರೆ ಯಾರಿಗೆ ಲಾಭ?’ ಅಂತ ಮಗನಿಗೆ ಕೇಳಿಕೊಳ್ಳಲು ಹೇಳಿ. ಮುಕ್ಕಾಲು ಪಾಲು ಅಲ್ಲೇ ತಿಳಿದುಬಿಡುತ್ತದೆ.

ಓದಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಹೆತ್ತವರಾಗಿ ನಿಮಗೆ ಅರ್ಥವಾಗುತ್ತದೆ. ಆಡಬೇಕಾದರೆ ಮೂರನೇ ವರ್ಷ ಶುರುವಾಗುವ ಹೊತ್ತಿಗೆ ಪದವಿಯ ಶೇ 40, ನಾಲ್ಕನೇ ವರ್ಷಕ್ಕೆ ಶೇ 60, ಐದಕ್ಕೆ ಶೇ 80 ಮುಗಿದಿರಬೇಕು. ಹಳೆಯ ಕಾಲೇಜಿನ ಎಲ್ಲ ಕ್ರೆಡಿಟ್‌ಗಳನ್ನೂ ಹೊಸ ಕಾಲೇಜು ಒಪ್ಪುವುದಿಲ್ಲ. ಹೋಗುತ್ತಾನೆ ಅಂತ ಎಲ್ಲರೂ ಹೇಳಿದ ಮೇಲೂ ಅಂಕಪಟ್ಟಿ ನೋಡಿ ವಾಪಸ್ ಕಳಿಸುವುದುಂಟು.

ಇನ್ನು ನಿಯಮದ ಪ್ರಶ್ನೆ. ವೈರಿ ತಂಡಕ್ಕೆ ಹೋಗುವುದನ್ನೇ ನಿಷೇಧಿಸಬೇಕು ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. 2016ರಲ್ಲಿ ಅಲಬಾಮದ ಮೋರಿಸ್ ಸ್ಮಿತ್ ಪದವಿ ಮುಗಿಸಿ ಜಾರ್ಜಿಯಾಕ್ಕೆ ಹೋಗಬೇಕೆಂದಾಗ ಕಾಲೇಜು ಬಿಡಲಿಲ್ಲ. ಅವರು ಹೋಗಬೇಕೆಂದಿದ್ದು ಯಾರ ಹತ್ತಿರ? ಕೆಲವೇ ತಿಂಗಳ ಹಿಂದೆ ಅಲಬಾಮದಲ್ಲೇ ಸಹಾಯಕ ಕೋಚ್ ಆಗಿದ್ದು, ಜಾರ್ಜಿಯಾಕ್ಕೆ ಮುಖ್ಯ ಕೋಚ್ ಆಗಿ ಹೋದ ಕರ್ಬಿ ಸ್ಮಾರ್ಟ್ ಹತ್ತಿರ. ಕೋಚ್ ಹೋಗಬಹುದು, ಪದವಿ ಮುಗಿಸಿದ ಹುಡುಗ ಹೋಗಬಾರದು! ಕೊನೆಗೆ ಲೀಗ್ ಮಧ್ಯೆ ಬಂದು ವಿನಾಯಿತಿ ಕೊಟ್ಟಿತು. ಈಗಲೂ ಅದೇ. 2025ರ ನವೆಂಬರ್ ಕೊನೆಯಲ್ಲಿ ಮುಖ್ಯ ಕೋಚ್ ಲೇನ್ ಕಿಫಿನ್ ಓಲ್ ಮಿಸ್ (ಮಿಸಿಸಿಪ್ಪಿ ವಿಶ್ವವಿದ್ಯಾಲಯ) ತಂಡ ಬಿಟ್ಟು ಅದರ ವೈರಿ ಎಲ್‌ಎಸ್‌ಯುಗೆ (ಲೂಸಿಯಾನಾ ಸ್ಟೇಟ್) ಹೊರಟರು. ಓಲ್ ಮಿಸ್ ಮೊದಲ ಸಲ ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್ ಆಡಲು ತಯಾರಾಗಿದ್ದ ಹೊತ್ತದು. ಕೋಟಿಗಟ್ಟಲೆ ಸಂಬಳದವರಿಗೆ ಇಲ್ಲದ ಬೇಲಿ 20 ವರ್ಷದವನಿಗೆ ಯಾಕೆ?

ಬೇಲಿಯ ಬದಲು ಬರುತ್ತಿರುವುದು ಒಪ್ಪಂದ. ದುಡ್ಡು ಕೊಡುವ ಕಾಲೇಜುಗಳು ‘ಇಷ್ಟು ವರ್ಷ ಇರಬೇಕು, ಬಿಟ್ಟರೆ ಇಷ್ಟು ಕಟ್ಟಬೇಕು’ ಎಂದು ಬರೆಸಿಕೊಳ್ಳಲು ಶುರು ಮಾಡಿವೆ. 2025ರ ಜನವರಿಯಲ್ಲಿ ವಿಸ್ಕಾನ್ಸಿನ್‌ನ ಝೇವಿಯರ್ ಲೂಕಸ್ ಅವರ ಹೆಸರನ್ನು ಪೋರ್ಟಲ್‌ಗೆ ಹಾಕಲು ಕಾಲೇಜು ಒಪ್ಪಲಿಲ್ಲ, ಒಪ್ಪಂದ ಇದೆ ಅಂದಿತು. ಅವರು ಪೋರ್ಟಲ್‌ನ ಗೊಡವೆಯೇ ಬೇಡವೆಂದು ಕಾಲೇಜು ಬಿಟ್ಟು, ಸಾಮಾನ್ಯ ವಿದ್ಯಾರ್ಥಿಯ ಹಾಗೆ ಮಯಾಮಿ ವಿಶ್ವವಿದ್ಯಾಲಯ ಸೇರಿಬಿಟ್ಟರು. ಜೂನ್‌ನಲ್ಲಿ ವಿಸ್ಕಾನ್ಸಿನ್ ಮಯಾಮಿಯ ಮೇಲೆಯೇ ಕೇಸ್ ಹಾಕಿತು. ಇನ್ನು ಮುಂದೆ ಈ ಜಗಳಗಳು ಮೈದಾನಕ್ಕಿಂತ ಕೋರ್ಟಿನಲ್ಲೇ ಜಾಸ್ತಿ ಕಾಣುತ್ತವೆ ಅಂತ ನನ್ನ ಅಂದಾಜು.

ಮಗನಿಗೆ ಒಂದು ಮಾತು ಖಂಡಿತ ಹೇಳಿ. ಬೈಯುವುದಿದ್ದರೆ ಗೆಳೆಯರ ಮುಂದೆ ಬೈಯಲಿ. ಆಟಗಾರನಿಗೋ ಅವನ ಮನೆಯವರಿಗೋ ಮೆಸೇಜ್ ಹಾಕುವುದು ಬೇಡ. ಅವನು ನಿಮ್ಮ ಮಗನ ವಯಸ್ಸಿನವನೇ, ಬಹುಶಃ ಅದೇ ಲೈಬ್ರರಿಯಲ್ಲಿ ಓದುವವನು.

ಹಾಂ, ಜ್ಯಾಕ್ಸನ್‌ವಿಲ್ ಸ್ಟೇಡಿಯಂ ದುರಸ್ತಿ ನಡೆಯುವುದರಿಂದ ಫ್ಲೋರಿಡಾ-ಜಾರ್ಜಿಯಾ ಪಂದ್ಯ 2026ರಲ್ಲಿ ನಿಮ್ಮ ಅಟ್ಲಾಂಟಾಕ್ಕೇ ಬರುತ್ತಿದೆ, 2027ರಲ್ಲಿ ಟ್ಯಾಂಪಾಕ್ಕೆ ಹೋಗುತ್ತದೆ. ಟಿಕೆಟ್ ಬೇಗ ನೋಡಿಕೊಳ್ಳಿ, ಮತ್ತೆ ಕೂರುವಾಗ ಕಿತ್ತಳೆ ಬಣ್ಣದ ಕಡೆಯೇ ಕೂರಿ.